ಕಟ್ಟಿಟ್ಟ ಕಣ್ಣು

ಮಾರ್ಚ್ ಹನ್ನೊಂದು, ಬುಧವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ದುರ್ಬೀನಣ್ಣ ಬಲಗಣ್ಣಿನ ಮೇಲೆ ಹತ್ತಿ ಇಟ್ಟು, ಹಳೇ ಕೊಡೆಯ ಕಪ್ಪು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿಕೊಂಡ. ಕಣ್ಣಿಗೆ ಪೆಟ್ಟೇನೂ ಆಗಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ದುರ್ಬೀನಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಹಗಲು ಕನ್ನಡಕದ ಅಂಗಡಿಯಲ್ಲಿ ಕೆಲಸ, ಕತ್ತಲಾದರೆ ತಾರಸಿಯ ಮೇಲೆ ದುರ್ಬೀನು. ಕೆಲವು ತಿಂಗಳ ಹಿಂದೆ, ಯಾರ ಗಮನಕ್ಕೂ ಬಾರದೆ ಮೂಲೆಯಲ್ಲಿದ್ದ ನಕ್ಷತ್ರವೊಂದು ಇದ್ದಕ್ಕಿದ್ದಂತೆ ಭುಗಿಲೆದ್ದು ನವತಾರೆಯಾಗಿತ್ತು; ಆಮೇಲೆ ದಿನೇದಿನೇ ಮಂಕಾಗುತ್ತ ಬಂದಿತ್ತು. ಅಕ್ಕಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ, ಎಷ್ಟು ಮಂಕಾಯಿತೆಂದು ಕಣ್ಣಂದಾಜಿನಲ್ಲೇ ಅಳೆದು ವೀಕ್ಷಕರ ಸಂಘಕ್ಕೆ ಕಳಿಸುವುದು ಅವನ ವ್ರತ. ಇವತ್ತು ತಪ್ಪಿದರೆ ಮುಗಿಯಿತು. ನಾಳೆಯಿಂದ ಅದು ಮುಸ್ಸಂಜೆಯ ಬೆಳಕಿನಲ್ಲೇ ಮುಳುಗಿಬಿಡುತ್ತದೆ. ಕೊನೆಯವರೆಗೆ ಅದನ್ನು ಹಿಡಿದವರ ಹೆಸರು ಸಂಘದ ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತದೆ.

ಆ ಹೆಸರು ಅವನಿಗೆ ಬೇಕೇ ಬೇಕಿತ್ತು. ಹೋದ ತಿಂಗಳು ಎರಡು ಮಬ್ಬು ಧೂಮಕೇತುಗಳನ್ನು ಕಂಡುಹಿಡಿದೆನೆಂದು ಸಂಘಕ್ಕೆ ಬರೆದಿದ್ದ. ಅಲ್ಲಿ ಮಾಮೂಲಿ ನಕ್ಷತ್ರ ಬಿಟ್ಟರೆ ಏನೂ ಇಲ್ಲ, ದಯವಿಟ್ಟು ಇನ್ನೊಮ್ಮೆ ನೋಡಿ ಎಂದು ಅವರು ಬಹಳ ಮರ್ಯಾದೆಯಿಂದ ಮಾನ ಕಳೆದಿದ್ದರು.

ಕತ್ತಲಲ್ಲಿಟ್ಟ ಕಣ್ಣು ಅರ್ಧ ಗಂಟೆಯಲ್ಲಿ ಚುರುಕಾಗುತ್ತದೆ ಎನ್ನುತ್ತವೆ ಪುಸ್ತಕಗಳು. ಅರ್ಧ ಗಂಟೆಗೇ ಅಷ್ಟಾದರೆ ಇಡೀ ಹಗಲಿಗೆ ಎಷ್ಟಾಗಬೇಡ ಎಂದು ಅವನ ಲೆಕ್ಕ.

ಗೇಟು ದಾಟುವ ಮೊದಲೇ ಎದುರುಮನೆ ದೊಡ್ಡಮ್ಮ ಹಿಡಿದರು. "ಹೆಂಡ್ತಿ ಏನಾದ್ರೂ ಎಸೆದ್ಲೇನಪ್ಪಾ? ನನ್ನ ಹತ್ರ ಹೇಳು, ಯಾರಿಗೂ ಹೇಳಲ್ಲ."

"ಇಲ್ಲ ದೊಡ್ಡಮ್ಮ, ನಕ್ಷತ್ರ ನೋಡೋದಕ್ಕೆ."

"ಹೌದೌದು. ನಮ್ಮನೆಯವರಿಗೂ ಒಂದ್ಸಲ ಲಟ್ಟಣಿಗೆಯಲ್ಲಿ ತೋರಿಸಿದ್ದೆ."

ಅಂಗಡಿ ತೆರೆದವನೇ ಕಣ್ಣು ಪರೀಕ್ಷೆಯ ಫಲಕ ಒರೆಸಿದ. ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು ಸಾಲುಸಾಲಾಗಿ ಚಿಕ್ಕದಾಗುತ್ತ ಹೋಗುವ ಫಲಕ. ಯಾವುದರ ಬಾಯಿ ಯಾವ ಕಡೆಗಿದೆ ಎಂದು ಹೇಳಬೇಕು. ದಿನಾ ದೂರ ನಿಂತು ಒಂದೊಂದೇ ಕಣ್ಣಲ್ಲಿ ಕೊನೆಯ ಸಾಲಿನವರೆಗೂ ಒಪ್ಪಿಸುವುದು ಅವನ ಅಭ್ಯಾಸ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಇವತ್ತು ಮಾತ್ರ ಬಲಗಣ್ಣಿಗೆ ರಜೆ.

ಮೊದಲ ಗಿರಾಕಿ ಬಾಗಿಲಲ್ಲೇ ನಿಂತು, ಇವರ ಕಣ್ಣನ್ನೂ ಇಲ್ಲೇ ಪರೀಕ್ಷೆ ಮಾಡಿದ್ದಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದಳು. ಎರಡನೆಯವನು ಧೈರ್ಯವಂತ, ಕೂತ. ಒಂಟಿ ಕಣ್ಣಿಗೆ ದೂರ ಹತ್ತಿರ ಅಂದಾಜಾಗದೆ ದುರ್ಬೀನಣ್ಣ ಕನ್ನಡಕದ ಕಡ್ಡಿಯನ್ನು ಅವನ ಕಿವಿಯ ಬದಲು ಮೂಗಿನ ಹೊಳ್ಳೆಗೆ ಏರಿಸಿದ. ಅವನು ಸೀನಿದ ರಭಸಕ್ಕೆ ಮೇಜಿನ ಮೇಲಿದ್ದ ಫ್ರೇಮುಗಳು ಬೆದರಿದ ಮಿಡತೆಗಳ ಹಾಗೆ ಹಾರಿದವು.

ಅಂಗಡಿಯ ಯಜಮಾನರು ತಲೆಗೆ ಕೈ ಹಚ್ಚಿಕೊಂಡರು. "ಬೋಳುತಲೆಯವನು ಬಾಗಿಲಲ್ಲಿ ನಿಂತು ಕೂದಲೆಣ್ಣೆ ಮಾರಿದ ಹಾಗಿದೆ ಕಣಯ್ಯಾ" ಎಂದು, ರಟ್ಟೆ ಹಿಡಿದು ಒಳಕೋಣೆಯಲ್ಲಿ ಕೂರುವ ಕಣ್ಣಿನ ಡಾಕ್ಟರ ಮುಂದೆ ನಿಲ್ಲಿಸಿದರು. ಕಣ್ಣು ತೋರಿಸದಿದ್ದರೆ ನಾಳೆಯಿಂದ ಅಂಗಡಿಗೆ ಬರುವುದು ಬೇಡ ಎಂದೂ ಸೇರಿಸಿದರು.

ಡಾಕ್ಟರು ಟಾರ್ಚ್ ಎತ್ತಿದ್ದೇ ತಡ, ದುರ್ಬೀನಣ್ಣ ಮರಿಯ ಮೇಲೆ ರೆಕ್ಕೆ ಮುಚ್ಚುವ ಕೋಳಿಯಂತೆ ಎರಡೂ ಕೈಗಳಿಂದ ಪಟ್ಟಿ ಮುಚ್ಚಿಕೊಂಡ. ಗೋಡೆಗೆ ಒರಗಿ ಗೋಗರೆದ. "ಈ ಕಣ್ಣನ್ನ ಸಂಜೆವರೆಗೂ ಮುಟ್ಟಬೇಡಿ ಡಾಕ್ಟ್ರೇ. ಬೇಕಾದ್ರೆ ಇನ್ನೊಂದಿದೆ, ತಗೊಳ್ಳಿ."

ಕೊಟ್ಟದ್ದನ್ನು ಡಾಕ್ಟರು ಬಿಡಲಿಲ್ಲ. ಎಡಗಣ್ಣಿಗೆ ಪಾಪೆ ಅಗಲಿಸುವ ಹನಿ ಬಿಟ್ಟು, ಟಾರ್ಚ್ ಹಾಕಿ, ಒಳಗೆಲ್ಲ ಮನೆ ಬಾಡಿಗೆಗೆ ಹಿಡಿಯುವವರ ಹಾಗೆ ನೋಡಿದರು. ಬಂಗಾರದಂಥ ಕಣ್ಣು ಎಂದರು. ಇನ್ನೊಂದನ್ನು ಸಂಜೆ ಯಜಮಾನರ ಜೊತೆ ಮನೆಗೇ ಬಂದು ನೋಡುವುದಾಗಿ ಒಪ್ಪಂದವಾಯಿತು.

ಹೊರಗೆ ಬಂದರೆ ಬಿಸಿಲು ಎಡಗಣ್ಣಿಗೆ ಬಕೆಟ್ಟುಗಟ್ಟಲೆ ಸುರಿಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಹನಿ, ಎರಡರ ಮೇಲೂ ಯಜಮಾನರು ಏರಿಸಿದ ಕಪ್ಪು ಕನ್ನಡಕ. ದುರ್ಬೀನಣ್ಣ ಅಂಚೆ ಡಬ್ಬಿಗೆ ದಾರಿ ಬಿಡಿ ಸ್ವಾಮಿ ಎಂದು ಕೇಳುತ್ತ ನಿಂತಿದ್ದಾಗ ಕೆಳಮನೆ ಮೇಷ್ಟ್ರು ಕಂಡರು. ಕೈ ಹಿಡಿದು ಮನೆಗೆ ಕರೆತಂದರು.

ಬೆಳಿಗ್ಗೆ ಒಂದು ಹೋಗಿತ್ತು, ಮಧ್ಯಾಹ್ನಕ್ಕೆ ಎರಡೂ ಹೋದವು ಎಂದು ದೊಡ್ಡಮ್ಮ ಬೀದಿಗೆಲ್ಲ ತಿಳಿಸಿದರು. ಲಟ್ಟಣಿಗೆಯ ವಿಷಯವನ್ನೂ ಬಿಡಲಿಲ್ಲ. ಸಂಜೆಗೆ ಮನೆ ತುಂಬ ಜನ. ಯಾರೋ ಬಂದು ಅವನ ಹೆಂಡತಿಯ ಕೈಯಿಂದ ತರಕಾರಿ ಚಾಕು ಮೆಲ್ಲಗೆ ಬಿಡಿಸಿಕೊಂಡು ಹೋದರು. ನಾನೇನು ಮಾಡಿದೆ ಎಂದು ಆಕೆ ಕೇಳಿದಷ್ಟೂ ಜನರಿಗೆ ಅನುಮಾನ ಗಟ್ಟಿಯಾಯಿತು.

ಕತ್ತಲಾಗುತ್ತಿದ್ದಂತೆ ಅವನು ಮೆಟ್ಟಿಲು ಹತ್ತಿದ. ತಾರಸಿಯ ಬಾಗಿಲು ತೆಗೆದವನು ಅಲ್ಲೇ ಕಲ್ಲಾದ. ಪಾಪದವನು ಎಡವಿ ಬೀಳದಿರಲೆಂದು ಮೇಷ್ಟ್ರು ಸುತ್ತಲೂ ತಂತಿ ಎಳೆದು ದೊಡ್ಡ ದೊಡ್ಡ ಬಲ್ಬು ತೂಗುಹಾಕಿದ್ದರು. ಸೊಳ್ಳೆಗೂ ನೆರಳು ಬೀಳುವಷ್ಟು ಬೆಳಕು. ಹನಿಯ ಗುಂಗಿನಲ್ಲಿದ್ದ ಎಡಗಣ್ಣು ಅಷ್ಟನ್ನೂ ಬಾಯ್ತೆರೆದು ನುಂಗಿತು.

ಅವನು ಕೈಮುಗಿದು, ದೀಪ ಆರಿಸಿ ಎಂದು ಅಂಗಲಾಚಿದ. ಮೇಷ್ಟ್ರು ನಿಟ್ಟುಸಿರಿಟ್ಟರು. "ಅದೂ ಸರಿಯೇ. ಕಣ್ಣೇ ಇಲ್ಲದ ಮೇಲೆ ಬಲ್ಬು ಕಟ್ಟಿಕೊಂಡು ಏನು ಮಾಡ್ತಾನೆ." ದೀಪಗಳು ಆರಿದವು.

ಯಜಮಾನರೂ ಡಾಕ್ಟರೂ ಬಂದು ಸೇರಿದರು. ಎಲ್ಲರೂ ಸುತ್ತ ನಿಂತಿರಲು ದುರ್ಬೀನಣ್ಣ ಎಡಗಣ್ಣಲ್ಲಿ ತಡವರಿಸುತ್ತ ದುರ್ಬೀನು ತಿರುಗಿಸಿ, ಪಟ್ಟಿ ಬಿಚ್ಚಿ, ಇಡೀ ದಿನ ಕಾಪಾಡಿದ ಕಣ್ಣನ್ನು ಇಟ್ಟ. ಹೋಲಿಕೆಗೆಂದು ಆರಿಸಿಟ್ಟ ಮೂರು ನಕ್ಷತ್ರಗಳು ಕಂಡವು. ಅವುಗಳ ನಡುವೆ ಏನೂ ಇರಲಿಲ್ಲ.

"ಆರಿಹೋಗಿದೆ" ಎಂದ ಹೆಂಡತಿಗೆ.

"ಏನು ಆರಿದ್ದು, ನೋಡೋಣ ಸರಿ" ಎಂದು ದೊಡ್ಡಮ್ಮ ಅವನನ್ನು ಪಕ್ಕಕ್ಕೆ ತಳ್ಳಿ ಬಗ್ಗಿದರು. "ಇದೆಯಲ್ಲಪ್ಪಾ. ಮೂರು ಚುಕ್ಕಿ, ನಡುವೆ ಒಂದು ಪುಟಾಣಿ. ಸ್ವಲ್ಪ ಕೆಂಪಗಿದೆ. ಕೆಳಗಿನ ಚುಕ್ಕಿಗಿಂತ ಒಂದು ಕೂದಲೆಳೆ ಮಂಕು."

ಕನಿಕರಕ್ಕೆ ಹೇಳುತ್ತಿದ್ದಾರೆ ಎಂದುಕೊಂಡ. ಹೆಂಡತಿ ನೋಡಿದಳು, ಇದೆ ಎಂದಳು. ಮೇಷ್ಟ್ರು ನೋಡಿದರು, ಯಜಮಾನರು ನೋಡಿದರು. ಒಬ್ಬೊಬ್ಬರನ್ನೇ ದೂರ ಕರೆದು ಎಲ್ಲಿದೆ ಎಂದು ಕಿವಿಯಲ್ಲಿ ಕೇಳಿದ. ಎಲ್ಲರೂ ಒಂದೇ ಜಾಗ ಹೇಳಿದರು. ಬಲಗಣ್ಣನ್ನು ಉಜ್ಜಿ ನೋಡಿದ, ಇಲ್ಲ. ಎಡಗಣ್ಣಿಟ್ಟು ನೋಡಿದ, ಅದರಲ್ಲಿನ್ನೂ ಮೇಷ್ಟ್ರ ಬಲ್ಬುಗಳೇ ತೇಲುತ್ತಿದ್ದವು. ಅಷ್ಟರಲ್ಲಿ ನವತಾರೆ ಎದುರುಮನೆಯ ನೀರಿನ ಟ್ಯಾಂಕಿನ ಹಿಂದೆ ಇಳಿಯಿತು.

ಡಾಕ್ಟರು ದೀಪ ಹಾಕಿಸಿ, ಚೀಲದಿಂದ ಅಂಗಡಿಯದೇ ನಮೂನೆಯ ಪರೀಕ್ಷೆಯ ಫಲಕ ತೆಗೆದರು. ಎಡಗಣ್ಣು ಮುಚ್ಚಿ ಓದಿ ಎಂದರು. ದುರ್ಬೀನಣ್ಣ ಮೇಲೆ, ಬಲ, ಕೆಳಗೆ, ಎಡ ಎಂದು ಮಗ್ಗಿ ಹೇಳಿದ ಹಾಗೆ ಕೊನೆಯ ಸಾಲನ್ನೂ ಮುಗಿಸಿಬಿಟ್ಟ. ಫಲಕದ ಮಡಿಕೆ ಇನ್ನೂ ಅರ್ಧವಷ್ಟೇ ಬಿಚ್ಚಿತ್ತು.

ಡಾಕ್ಟರು ಅದನ್ನು ಪೂರ್ತಿ ಬಿಚ್ಚಿ, ತಲೆಕೆಳಗು ಮಾಡಿ, ಆರು ಮೀಟರ್ ದೂರದಲ್ಲಿ ತೂಗುಹಾಕಿದರು. ಈಗ ದೊಡ್ಡ ಗುರುತುಗಳಿದ್ದ ಮೂರು ಸಾಲು ದಾಟಿತು. ನಾಲ್ಕನೆಯದಕ್ಕೆ ನಾಲಿಗೆ ನಿಂತಿತು. ಒಳ್ಳೆಯ ಕಣ್ಣು ಇಪ್ಪತ್ತನಾಲ್ಕು ಮೀಟರಿನಿಂದ ಓದುವುದನ್ನು ಈ ಕಣ್ಣು ಆರು ಮೀಟರಿನಿಂದಷ್ಟೇ ಓದಿತ್ತು.

ಟಾರ್ಚ್ ಹಾಕಿ ನೋಡಿದ ಡಾಕ್ಟರು, ಪೊರೆ ಬಂದಿದೆ, ಒಂದೆರಡು ವರ್ಷವೇ ಆಗಿರಬೇಕು ಎಂದರು.

ದುರ್ಬೀನಣ್ಣ ಕೇಳಿದ. "ಹಾಗಾದ್ರೆ ನನ್ನ ಎರಡು ಧೂಮಕೇತು?"

"ಇಲ್ಲೇ ಇವೆ" ಎಂದರು ಡಾಕ್ಟರು, ಟಾರ್ಚ್ ಆರಿಸದೆ.

ಕಣ್ಣಾರೆ ಕಂಡವರ ಹೆಸರನ್ನೇ ಬರೆಯಬೇಕೆಂಬುದು ಸಂಘದ ನಿಯಮ. ಆ ರಾತ್ರಿ ದುರ್ಬೀನಣ್ಣ ತನ್ನ ಕೈಯಾರೆ, ನವತಾರೆಯ ಕೊನೆಯ ವೀಕ್ಷಕರು ಎಂಬಲ್ಲಿ ದೊಡ್ಡಮ್ಮನ ಪೂರ್ತಿ ಹೆಸರನ್ನು ಬರೆದ; ಅವರು ಪಕ್ಕದಲ್ಲೇ ಕೂತು ಕಾಗುಣಿತ ತಿದ್ದಿದರು. ಅವನ ಪಾಲಿಗೆ ಬಂದದ್ದು ಡಾಕ್ಟರು ಕೊಟ್ಟ ಚೀಟಿ ಮಾತ್ರ. ಬಲಗಣ್ಣು: 6/24.