ಗುಬ್ಬಿಗುಂಟೆಯ ಗಿಡ್ಡ ಕಂಬ

ನನಗೆ ಚಿತ್ರ ಬರುವುದಿಲ್ಲ. ಇದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಒಪ್ಪಿಕೊಳ್ಳದಿದ್ದರೂ ಗೊತ್ತಾಗಿಬಿಡುತ್ತದೆ. ಮಿಡ್ಲ್ ಸ್ಕೂಲಿನಲ್ಲಿ ನಾನು ಬರೆದ ನವಿಲನ್ನು ಡ್ರಾಯಿಂಗ್ ಮೇಷ್ಟ್ರು ದೂರ ಹಿಡಿದು ನೋಡಿ, ಹತ್ತಿರ ಹಿಡಿದು ನೋಡಿ, ಬದನೆಕಾಯಿ ಪರವಾಗಿಲ್ಲ, ತೊಟ್ಟು ಮಾತ್ರ ಸ್ವಲ್ಪ ಉದ್ದವಾಯಿತು ಎಂದಿದ್ದರು. ಅವತ್ತಿನಿಂದ ನಾನು ಅಂಕಿಗಳ ಕಡೆಗೆ ವಾಲಿದವನು. ಅಂಕಿಗಳು ಒಳ್ಳೆಯವು. ಎಂಟನ್ನು ಎಷ್ಟು ಸೊಟ್ಟಗೆ ಬರೆದರೂ ಅದು ಎಂಟೇ. ಹೀಗೆ ನೆಮ್ಮದಿಯಾಗಿದ್ದ ನನ್ನನ್ನು ಮತ್ತೆ ಚಿತ್ರದ ಸಹವಾಸಕ್ಕೆ ಎಳೆದು ತಂದದ್ದು ಕಂಪ್ಯೂಟರು.

ತೊಂಬತ್ತರ ದಶಕದ ಕೊನೆಯ ಮಾತು. ಹೊಸಕೋಟೆಯ ಹೊರಗಿದ್ದ ಒಂದು ಖಾಸಗಿ ಹಾಲು ಕೇಂದ್ರದಲ್ಲಿ ನಾನು ಗುಮಾಸ್ತನಾಗಿದ್ದೆ. ಜಡಿಗೇನಹಳ್ಳಿ ದಿಕ್ಕಿನ ಏಳು ಊರುಗಳಿಂದ ಬೆಳಿಗ್ಗೆ ಸಂಜೆ ವ್ಯಾನಿನಲ್ಲಿ ಹಾಲಿನ ಕ್ಯಾನುಗಳು ಬರುತ್ತಿದ್ದವು. ಯಾವ ಊರಿನ ಹಾಲಿನಲ್ಲಿ ಕೊಬ್ಬಿನಂಶ, ನಮ್ಮ ಬಾಯಲ್ಲಿ ಹೇಳುವುದಾದರೆ ಫ್ಯಾಟು, ಎಷ್ಟಿದೆ ಎಂದು ಬರೆದಿಡುವುದು ನನ್ನ ಕೆಲಸ. ಕಂಪ್ಯೂಟರ್ ಬಂದಾಗ, ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬೇಕರಿಯ ಮಹಡಿಯಲ್ಲಿ ಹದಿನೈದು ದಿನದ ಕೋರ್ಸು ಮುಗಿಸಿದ್ದ ನಾನೇ ಅದಕ್ಕೆ ಅರ್ಚಕನಾದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದೆ. ಕೆಲಸವಾದ ಮೇಲೆ ಅದಕ್ಕೆ ಟವಲ್ ಹೊದಿಸಿ ಬರುತ್ತಿದ್ದೆ. ನಮ್ಮ ಮ್ಯಾನೇಜರ್ ಶ್ರೀಕಂಠಯ್ಯನವರು ಸಾಧು ಮನುಷ್ಯರು. ಒಂದು ಗುರುವಾರ ಅವರು ನನ್ನನ್ನು ಕರೆದು, ಅಂಕಿಗಳನ್ನು ಯಾರೂ ಓದುವುದಿಲ್ಲ, ತಿಂಗಳ ಫ್ಯಾಟಿನದು ಒಂದು ಗ್ರಾಫ್ ಮಾಡಿ ನೋಟೀಸ್ ಬೋರ್ಡಿಗೆ ಹಾಕಿ, ಊರಿನವರಿಗೆ ಹುರುಪು ಬರಲಿ ಎಂದರು.

ಗುಂಡಿ ಒತ್ತಿದೆ. ಏಳು ನೀಲಿ ಕಂಬಗಳು ಎದ್ದು ನಿಂತವು. ನನ್ನ ಕೈಯಿಂದ ಅಷ್ಟು ನೆಟ್ಟಗಿನ ಗೆರೆ ಹುಟ್ಟಿದ್ದು ಅದೇ ಮೊದಲು. ಕಣ್ಣು ತುಂಬಿ ಬಂತು ಎಂದರೆ ಹೆಚ್ಚಾದೀತು, ಆದರೆ ಎದ್ದುಹೋಗಿ ಇಬ್ಬರನ್ನು ಕರೆದು ತೋರಿಸಿದೆ. ತೊಂದರೆ ಕಾಣಿಸಿದ್ದು ಆಮೇಲೆ. ಕಂಬ ಏಳಿದ್ದರೂ ಕೆಳಗೆ ಊರಿನ ಹೆಸರು ನಾಲ್ಕೇ ಇದ್ದವು. ನಮ್ಮ ಕಡೆಯ ಊರುಗಳ ಹೆಸರೋ, ಇಂಗ್ಲಿಷಿನಲ್ಲಿ ಬರೆದರೆ ಗೂಡ್ಸ್ ರೈಲಿನಷ್ಟು ಉದ್ದ. ಜಾಗ ಸಾಲದೆ ಕಂಪ್ಯೂಟರು ಒಂದು ಬಿಟ್ಟು ಒಂದನ್ನು ನುಂಗಿಹಾಕಿತ್ತು. ಹೆಸರಿಲ್ಲದ ಊರಿನವರು ನಮ್ಮನ್ನು ಸುಮ್ಮನೆ ಬಿಟ್ಟಾರೆಯೇ? ಅಕ್ಷರ ಸಣ್ಣದು ಮಾಡಿದೆ, ಇರುವೆ ಸಾಲಾಯಿತು. ಓರೆ ಮಾಡಿದೆ, ಯಾವ ಹೆಸರು ಯಾವ ಕಂಬದ್ದೆಂದು ತಿಳಿಯದೆ ಹೋಯಿತು. ಕೊನೆಗೆ ಎಲ್ಲವನ್ನೂ ನೆಟ್ಟಗೆ ಮೇಲಕ್ಕೆ ತಿರುಗಿಸಿದಾಗ ಏಳು ಹೆಸರೂ ಬಂದವು. ಆದರೆ ಅರ್ಧ ಹಾಳೆ ಹೆಸರಿಗೇ ಹೋಗಿ, ಕಂಬಗಳು ಮೇಲೆ ಮುದುರಿಕೊಂಡವು. ಕಂಬದ ಬುಡದಲ್ಲಿ ಅಂಕಿಗಳ ಪಟ್ಟಿಯೊಂದು ಇತ್ತು, ಅದನ್ನು ಅಳಿಸಿದೆ. ಎಡಗಡೆಯ ಗೆರೆಯ ಪಕ್ಕದಲ್ಲಿ ಮೇಲಿಂದ ಕೆಳಗೆ ಒಂದಷ್ಟು ಸಂಖ್ಯೆಗಳಿದ್ದವು, ಅವನ್ನೂ ತೆಗೆದೆ. ಕಂಬಗಳು ಕೈಕಾಲು ಚಾಚಿ ನಿಂತವು. ಚಿತ್ರ ಎಂದರೆ ಇದು ಎನ್ನಿಸಿತು. ಅಂಕಿಗಳನ್ನು ನಂಬಿ ಬದುಕಿದವನು ಚಂದದ ಆಸೆಗೆ ಬಿದ್ದು ಅಂಕಿಗಳನ್ನೇ ಹೊರಗೆ ಹಾಕಿದ್ದೆ.

ಶುಕ್ರವಾರ ಬೆಳಿಗ್ಗೆ ಅದು ಗೇಟಿನ ಪಕ್ಕದ ಬೋರ್ಡಿಗೆ ಏರಿತು. ಆರು ಊರಿನ ಕಂಬಗಳು ಒಂದರ ಭುಜಕ್ಕೆ ಒಂದು ತಾಗುವಂತಿದ್ದವು. ಗುಬ್ಬಿಗುಂಟೆಯದು ಮಾತ್ರ ಅವುಗಳ ಮಂಡಿಯವರೆಗೆ ಬರುತ್ತಿತ್ತು. ನಾನು ಅದನ್ನು ಗಮನಿಸಿರಲಿಲ್ಲವೆಂದಲ್ಲ. ಎಲ್ಲವೂ ಒಂದೇ ಎತ್ತರವಿದ್ದರೆ ನೋಡಲು ಏನು ಚೆಂದ ಎಂದುಕೊಂಡಿದ್ದೆ. ವ್ಯಾನ್ ಡ್ರೈವರುಗಳು ಕಂಡದ್ದನ್ನು ಊರಿಂದೂರಿಗೆ ಹಂಚಿದರು. ಸಂಜೆಯ ಹೊತ್ತಿಗೆ ಗುಬ್ಬಿಗುಂಟೆಯವರು ಕ್ಯಾನಿಗೆ ಎರಡು ಕೊಡ ನೀರು ಬೆರೆಸುತ್ತಾರೆ ಎಂಬಲ್ಲಿಗೆ ಮಾತು ಬಂದು ನಿಂತಿತ್ತು. ಶನಿವಾರ ಶ್ರೀಕಂಠಯ್ಯನವರೂ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತರು. ಒಳಗೆ ಬಂದವರು ವ್ಯಥೆಯಿಂದಲೇ, ಸೋಮವಾರದಿಂದ ಆ ಊರಿನ ಹಾಲು ಬೇಡ ಎಂದರು. ಮೂವತ್ತು ಮನೆಗಳ ಹಾಲು ಅದು. ಪಟ್ಟಿ ತೆಗೆದು ನೋಡಿ ಎನ್ನಲು ನನಗೂ ಹೊಳೆಯಲಿಲ್ಲ. ನಾನೇ ಮಾಡಿದ ಚಿತ್ರವನ್ನು ನಾನೂ ನಂಬಿಬಿಟ್ಟಿದ್ದೆ.

ಇಷ್ಟು ಹೊತ್ತು ಹೇಳದೆ ಉಳಿಸಿಕೊಂಡಿದ್ದನ್ನು ಈಗ ಹೇಳಬೇಕು. ಗುಬ್ಬಿಗುಂಟೆ ನನ್ನ ಹೆಂಡತಿ ರತ್ನಳ ತವರು. ಶನಿವಾರ ಸಂಜೆ ಮನೆಗೆ ಹೋದರೆ ಕಾಫಿ ಬಂತು, ಕಪ್ಪಗೆ, ಹಾಲಿಲ್ಲದೆ. ಏನು ಎಂದು ಮುಖ ನೋಡಿದೆ. "ಮನೇಲಿರೋದು ನಮ್ಮೂರ ಹಾಲು. ಅದ್ರಲ್ಲಿ ಬರೀ ನೀರಂತಲ್ಲ, ನಿಮಗ್ಯಾಕೆ ಬಿಡಿ," ಎಂದಳು. ನಾನು ಕುಡಿದೆ. ಅಮ್ಮ ನಾಳೆ ಬರುತ್ತಾಳೆ ಎಂದೂ ಹೇಳಿದಳು. ಕಾಫಿಗಿಂತ ಅದೇ ಹೆಚ್ಚು ಕಹಿಯಾಗಿತ್ತು.

ನಮ್ಮತ್ತೆ ನಂಜಮ್ಮನವರು ಭಾನುವಾರ ಮೊದಲ ಬಸ್ಸಿಗೇ ಬಂದರು. ಮೂರು ಸೀಮೆಹಸು ಕಟ್ಟಿದ್ದ, ಗಟ್ಟಿ ಕೈಯ ಹೆಂಗಸು. ಜಗಳಕ್ಕೆ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಜಗಳವಾಡಲಿಲ್ಲ, ಆ ಚಿತ್ರ ತೋರಿಸಿ ಎಂದರು, ಅಷ್ಟೆ. ಹಾಲಿಗೆ ಭಾನುವಾರವಿಲ್ಲ, ಕೇಂದ್ರ ತೆರೆದಿತ್ತು. ಓದು ಬಾರದ ಅವರು ಬೋರ್ಡಿನ ಮುಂದೆ ಸೆರಗು ಬಿಗಿದು ನಿಂತು, ನಮ್ಮದು ಯಾವುದು, ಎಲ್ಲಕ್ಕಿಂತ ಎತ್ತರದ್ದು ಯಾರದು ಎಂದು ಕೇಳಿಕೊಂಡರು. ಎರಡಕ್ಕೂ ಫ್ಯಾಟು ಎಷ್ಟು ಎಂದರು. ನಾನು ರಿಜಿಸ್ಟರ್ ತಂದು ನೋಡಿದೆ. ಗುಬ್ಬಿಗುಂಟೆಯದು ಮೂರು ಪಾಯಿಂಟ್ ಎಂಟು, ಎತ್ತರದ ಕಂಬದವರದು ನಾಲ್ಕು ಪಾಯಿಂಟ್ ಎರಡು. ಹಾಗೆಂದರೆ ಎಷ್ಟು ವ್ಯತ್ಯಾಸ ಎಂದರು. ನೂರು ಲೋಟ ಹಾಲಿಗೆ ಅರ್ಧ ಲೋಟಕ್ಕಿಂತ ಕಡಿಮೆ ಎಂದು ಹೇಳುವಾಗಲೇ ನನ್ನ ದನಿ ಇಳಿಯತೊಡಗಿತ್ತು.

ಅವರು ಬೆರಳಿಟ್ಟು ಎರಡೂ ಕಂಬಗಳನ್ನು ಅಳೆದರು. "ಅರ್ಧ ಲೋಟಕ್ಕೆ ಅವರದು ನಮ್ಮದರ ಮೂರರಷ್ಟು ಆಯ್ತಾ ಅಳಿಯಂದ್ರೇ? ಇವಕ್ಕೆ ಕಾಲೆಲ್ಲಿ? ಕತ್ತಿಂದ ಮೇಲಕ್ಕೆ ಅಳೆದ್ರೆ ನಾನೂ ಗೇಣುದ್ದ ಇರ್ತೀನಪ್ಪಾ."

ನಾನು ಚಪ್ಪಲಿ ಬಿಡುವುದನ್ನೂ ಮರೆತು ಕಂಪ್ಯೂಟರಿನ ಮುಂದೆ ಕುಳಿತೆ. ಎಡಗಡೆಯ ಗೆರೆಯನ್ನು ಎರಡು ಸಲ ಒತ್ತಿದಾಗ ಸಣ್ಣದೊಂದು ಕಿಟಕಿ ತೆರೆಯಿತು. ಗೆರೆ ಎಲ್ಲಿಂದ ಶುರು ಎಂಬಲ್ಲಿ ಸೊನ್ನೆಯಿರಲಿಲ್ಲ, ಮೂರು ಪಾಯಿಂಟ್ ಆರು ಇತ್ತು. ಯಾರೂ ಕೇಳದಿದ್ದರೂ ಕಂಪ್ಯೂಟರು ತಾನೇ ಅಲ್ಲಿಂದ ಶುರುಮಾಡಿತ್ತು; ಹಾಗೆಂದು ಕೂಗಿ ಹೇಳುತ್ತಿದ್ದ ಸಂಖ್ಯೆಗಳನ್ನು ನಾನು ಕಿತ್ತು ಹಾಕಿದ್ದೆ. ಅಲ್ಲಿ ಸೊನ್ನೆ ಹಾಕಿ ಒತ್ತಿದೆ. ಗುಬ್ಬಿಗುಂಟೆ ಸರ್ರನೆ ಎದ್ದು ಉಳಿದ ಆರರ ಪಕ್ಕದಲ್ಲಿ ನಿಂತಿತು. ಬೆರಳಗಲದಷ್ಟು ಮಾತ್ರ ಗಿಡ್ಡ. ಮೂರು ದಿನದಿಂದ ಎದೆಯ ಮೇಲೆ ಕುಳಿತಿದ್ದ ಕ್ಯಾನನ್ನು ಯಾರೋ ಇಳಿಸಿದಂತಾಯಿತು. ಕಾಗದವನ್ನು ಅಡ್ಡ ತಿರುಗಿಸಿದೆ. ಏಳು ಹೆಸರೂ ಆರಾಮವಾಗಿ ಮಲಗಿಕೊಂಡವು. ಅಂಕಿಗಳ ಪಟ್ಟಿಯನ್ನು ವಾಪಸ್ಸು ಕರೆಸಿ ಬುಡದಲ್ಲಿ, ಎಡಗಡೆಯ ಸಂಖ್ಯೆಗಳನ್ನು ಗೆರೆಯ ಪಕ್ಕದಲ್ಲಿ ಕೂರಿಸಿದೆ. ಅತ್ತೆ ಬಾಗಿಲಲ್ಲೇ ನಿಂತು ನೋಡಿ, ಹೂಂ ಎಂದು, ಹಸುವಿಗೆ ಹೊತ್ತಾಯಿತೆಂದು ಬಸ್ಸಿಗೆ ಹೊರಟುಹೋದರು.

ಸೋಮವಾರ ವ್ಯಾನು ಹೊರಡುವ ಮೊದಲೇ ಎರಡು ಚಿತ್ರಗಳನ್ನೂ ಶ್ರೀಕಂಠಯ್ಯನವರ ಮುಂದಿಟ್ಟೆ. ಅವರು ಅದನ್ನಿಷ್ಟು ಇದನ್ನಿಷ್ಟು ನೋಡಿ, ಕನ್ನಡಕ ತೆಗೆದರು. "ಹಾಗಾದ್ರೆ ಏನೂ ಆಗಿಲ್ಲ ಅನ್ನಿ," ಎಂದರು. ಏನೂ ಆಗಿಲ್ಲ ಸಾರ್ ಎಂದೆ. ಅವರು ಕುರ್ಚಿಗೆ ಒರಗಿ ಉಸಿರು ಬಿಟ್ಟ ರೀತಿ ನೋಡಿದರೆ, ಆ ಮೂವತ್ತು ಮನೆಗಳ ಭಾರ ನನಗಿಂತ ಅವರನ್ನೇ ಹೆಚ್ಚು ಅಮುಕಿತ್ತೆಂದು ಕಾಣುತ್ತದೆ. ಹಾಲು ತರಲು ಹೇಳಿ ಎಂದು ತಾವೇ ಡ್ರೈವರನ್ನು ಕೂಗಿದರು. ಹೊಸ ಚಿತ್ರ ಬೋರ್ಡಿಗೆ ಏರಿತು. ಎತ್ತರದ ಕಂಬದ ಊರಿನ ಇಬ್ಬರು ಬಂದು, ನಮ್ಮನ್ನು ಯಾಕೆ ಕುಳ್ಳು ಮಾಡಿದಿರಿ ಎಂದು ವಾದಿಸಿದ್ದು ಬಿಟ್ಟರೆ ಮತ್ತೇನೂ ತಕರಾರಾಗಲಿಲ್ಲ.

ತಿಂಗಳ ಸಭೆಯಲ್ಲಿ ಏಳು ಊರಿನವರ ಎದುರಿಗೆ ಶ್ರೀಕಂಠಯ್ಯನವರು ಎದ್ದು ನಿಂತು, ಕಂಪ್ಯೂಟರು ಮಾಡಿದ ತಪ್ಪನ್ನು ನಮ್ಮ ಗುಮಾಸ್ತರು ತಮ್ಮ ಸ್ವಂತ ಬುದ್ಧಿಯಿಂದ ಕಂಡುಹಿಡಿದರು ಎಂದು ನನ್ನನ್ನು ಹೊಗಳಿದರು. ಮೂರನೆಯ ಸಾಲಿನಲ್ಲಿ ನಮ್ಮತ್ತೆ ಕುಳಿತಿದ್ದರು. ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಿಜ ಹೇಳಲು ಎದ್ದು ನಿಂತೆ. ಬಾಯಿ ತೆರೆಯಲಿಲ್ಲ. ತಲೆ ತಗ್ಗಿಸಿಕೊಂಡು ನಿಂತೇ ಇದ್ದೆ. ಅದನ್ನು ವಿನಯವೆಂದು ತಿಳಿದು ಎಲ್ಲರೂ ಇನ್ನೊಂದು ಸಲ ಚಪ್ಪಾಳೆ ತಟ್ಟಿದರು.