ಥುಕ್ಬಾದ ಯಜಮಾನ ಇಲ್ಲದ ಸಭೆ

ಕೆಲವರಿಗೆ ದಾರಿಯಲ್ಲಿ ಹಾವು ಸಿಗ್ತದೆ, ಕೆಲವರಿಗೆ ನೆಂಟರು ಸಿಗ್ತಾರೆ. ನನಗೆ ಸಿಗುವುದು ಬಾಯಿ ಬಿಟ್ಕೊಂಡು ನಿಲ್ಲುವಂಥ ಸಂಗತಿಗಳೇ. ಅದೂ ಯಾರಿಗೆ? ಅರಬಿ ದೇಶದ ಜುಬೈಲಿನಲ್ಲಿ ಕ್ರೇನು ಆಡಿಸುವ ಫೋರ್‌ಮನ್‌ಗೆ! ಶಾಲೆ ನಾಲ್ಕನೇ ಕ್ಲಾಸಿಗೇ ಮುಗೀತು, ಆದ್ರೆ ನಾನು ಸೀಟಿ ಊದಿದ್ರೆ ಎಂಥಾ ಕ್ರೇನೂ ಕತ್ತು ಬಗ್ಗಿಸ್ತದೆ. ದೊಡ್ಡ ದೊಡ್ಡ ಇಂಜಿನಿಯರುಗಳು "ಅಂಕಲ್, ಎತ್ಬಹುದಾ?" ಅಂತ ನನ್ನನ್ನೇ ಕೇಳ್ಬೇಕು. ಅಂಥವನನ್ನು ಬೆಚ್ಚಿಬೀಳಿಸಿದ್ದು ಹತ್ತು ಹನ್ನೆರಡು ಸಾಧುಪ್ರಾಣಿಗಳು.

ನಾನು ಉಡುಪಿ ಕಡೆಯ ಪ್ರೊಟೆಸ್ಟೆಂಟ್. ಹೆಂಡತಿ ತೆಲಂಗಾಣದವಳು, ಅವಳ ತವರಿನವರು ಮೆನ್ನೊನೈಟ್. ಅದೂ ಕ್ರಿಸ್ತಾನರದ್ದೇ ಒಂದು ಪಂಗಡ. ಜಗಳ, ಯುದ್ಧ, ಆಣೆ-ಪ್ರಮಾಣ ಯಾವುದೂ ಅವರಿಗೆ ಆಗುವುದಿಲ್ಲ. ಹಾಗಾದ್ರೆ ನನ್ನನ್ನು ಎಂತಕ್ಕೆ ಕಟ್ಕೊಂಡಳು ಅಂತ ಅವಳನ್ನೇ ಕೇಳಿ. ಈ ದೇಶದಲ್ಲಿ ಚರ್ಚು ಕಟ್ಲಿಕ್ಕಿಲ್ಲ, ಹಾಡಿದ್ದು ಹೊರಗೆ ಕೇಳಿದ್ರೆ ಪೊಲೀಸರು ಬರ್ತಾರೆ. ರಜೆಯ ದಿನ ಶುಕ್ರವಾರ, ಕಾರಿನಲ್ಲಿ ಒಂದು ಗಂಟೆ ದೂರದ ಥುಕ್ಬಾದ ಒಂದು ಫ್ಲ್ಯಾಟಿನಲ್ಲಿ ಕರ್ಟನ್ ಎಳೆದು ಇವರ ಪ್ರಾರ್ಥನೆ. ಅವಳು ಕರೆದಳು, ಹೋದೆ.

ನನಗೂ ಒಂದು ಆಸೆ ಇತ್ತು, ಮುಚ್ಚಿಡುವುದೆಂತ? ಊರಲ್ಲಿ ನನ್ನ ತಮ್ಮ ಚರ್ಚಿನ ಹಿರಿಯ. ಫೋನ್ ಮಾಡಿದಾಗಲೆಲ್ಲ ಅದನ್ನೇ ಕೊಚ್ಚಿಕೊಳ್ತಾನೆ. ಇಲ್ಲಿನ ಕೆಲಸ ಬಿಟ್ಟು, ಪಾಸ್‌ಪೋರ್ಟಿಗೆ ಫೈನಲ್ ಎಕ್ಸಿಟ್ ಹಾಕಿಸಿ ಊರಿಗೆ ಹೋಗುವ ಮೊದ್ಲು ನಾನೂ ಒಂದು ಸಭೆಗೆ ಯಜಮಾನ ಆಗ್ಲೇಬೇಕು. ಇಲ್ಲದಿದ್ರೆ ಅವನ ಮುಖ ನೋಡುವುದು ಹೇಗೆ?

ಯಾರಿಗೆ ಬೈಯುವುದು?

ಮೊದಲ ದಿನವೇ ಕೇಳಿದೆ, "ಇಲ್ಲಿ ಬಾಸ್ ಯಾರು?"

ಫ್ಲ್ಯಾಟು ಒಬ್ಬ ನರ್ಸಮ್ಮನದ್ದು. ಮಂಗಳೂರಲ್ಲಿ ಕಲಿತವಳು, ಕನ್ನಡ ಚಂದ ಬರ್ತದೆ. "ಬಾಸ್ ಇಲ್ಲ ಅಂಕಲ್" ಅಂದಳು.

"ಮತ್ತೆ ಅಲ್ಲಿ ಬೈಬಲ್ ಹಿಡ್ಕೊಂಡು ಕೂತ ಆ ಕೆನಡಾದ ದೊರೆ?"

"ಅವರು ಸಭೆ ನಡೆಸ್ತಾರೆ ಅಷ್ಟೇ. ಹೇಳುವವರು ನಾವೆಲ್ಲ, ಕೇಳುವವರು ಅವರು."

ಬಾಸ್ ಇಲ್ಲದೆ ಕ್ರೇನು ಎತ್ತಿದ್ರೆ ನಾಲ್ಕು ಹೆಣ ಬೀಳ್ತದೆ! "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಯಾರಿಗೆ ಬೈಯುವುದು?"

ಮೂಲೆಯಲ್ಲಿ ಒಬ್ಬ ವೆಲ್ಡರ್ ಕೂತಿದ್ದ. ನಾನು ಕೆಲಸ ಮಾಡುವ ಯಾರ್ಡಿನವನೇ, ರಾಯಚೂರಿನಲ್ಲಿ ಇದ್ದು ಬಂದ ತೆಲುಗಿನವ. ಹೇಳಿದ, "ಎಲ್ಲರಿಗೂ ಬೈಯಿರಿ ಅಂಕಲ್. ಯಾರ್ಡಿನಲ್ಲಿ ಹೇಗೂ ರೂಢಿ ಉಂಟಲ್ಲ."

ಹಳೇ ಎಸಿ

ಆ ಫ್ಲ್ಯಾಟಿನ ಎಸಿ ತಂಪು ಕೊಡ್ತಿರ್ಲಿಲ್ಲ, ಬರೀ ಡಬ್ಬಿಗೆ ಕಲ್ಲು ಹಾಕಿದ ಹಾಗೆ ಗಡಗಡ. ಜುಲೈ ತಿಂಗಳು. ನಾನು ಎದ್ದು ಹೇಳಿದೆ, "ಹೊಸ ಎಸಿ ನಾನೇ ತರ್ತೇನೆ. ಯಲ್ಲಾ, ನಡೀರಿ, ಮುಗೀತು."

ಮುಗಿಯುವುದಿಲ್ಲವಂತೆ! ಎಲ್ಲರೂ ಒಪ್ಬೇಕಂತೆ. ಕೈ ಎತ್ತುವುದಿಲ್ಲ, ಓಟು ಇಲ್ಲ. ಒಬ್ಬರ ಮನಸ್ಸು ಬಾರದಿದ್ರೂ ಎಲ್ಲರೂ ಕಣ್ಣು ಮುಚ್ಚಿ ಕೂರ್ಬೇಕು. ಎಲ್ಲರೂ ಹೂಂ ಅಂದರು, ನರ್ಸಮ್ಮ ಮಾತ್ರ "ಯಾಕೋ ನನಗೆ ಸಮಾಧಾನ ಇಲ್ಲ" ಅಂದಳು.

ಕೂತೆವು. ಬೆವರು ಹನಿಹನಿಯಾಗಿ ಮೂಗಿನ ತುದಿಗೆ ಬಂತು. ನಾನು ಹೆಂಡತಿ ಕಿವಿಯಲ್ಲಿ ಅಂದೆ, "ಎಂತ ಮಾರಾಯ್ತಿ, ಒಬ್ಬಳಿಗಾಗಿ ಎಲ್ಲರೂ ಬೇಯ್ಬೇಕಾ?"

"ಮನೆಯಲ್ಲಿ ಒಬ್ಬನಿಗಾಗಿ ನಾನು ಬೇಯ್ತಾ ಇಲ್ವಾ? ಸುಮ್ನಿರಿ."

ಎರಡನೇ ಶುಕ್ರವಾರವೂ ಹಾಗೇ. ಮೂರನೆಯದಕ್ಕೆ ನರ್ಸಮ್ಮ ಫಕ್ಕನೆ ಕಣ್ಣು ಬಿಟ್ಟು ಹೇಳಿದಳು, "ಈಗ ಗೊತ್ತಾಯ್ತು! ಹೊಸ ಎಸಿ ಸದ್ದು ಮಾಡುವುದಿಲ್ಲ. ಆಗ ನಾವು ಹಾಡುವುದು ಕೆಳಗಿನ ಮನೆಗೆಲ್ಲ ಕೇಳ್ತದೆ!"

ಎಲ್ಲರೂ ಎಸಿಯನ್ನು ನೋಡಿದೆವು. ಹೌದಲ್ಲ! ಇಷ್ಟು ವರ್ಷ ಇವರನ್ನು ಕಾಯ್ತಾ ಇದ್ದದ್ದು ಆ ದರಿದ್ರ ಗಡಗಡವೇ. ಆವತ್ತೇ ಒಂದು ಸ್ಪ್ಯಾನರ್ ತಂದು ಎಸಿಯ ಎರಡು ಬೋಲ್ಟು ಸಡಿಲ ಮಾಡಿದೆ. ಈಗ ಇನ್ನೂ ಜೋರಾಗಿ ಹಾಡ್ಬಹುದು.

ಕತ್ತೆ ಮತ್ತು ಬಿಸಿನೀರು

ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಮೊದ್ಲು ಇವರಲ್ಲಿ ಒಂದು ಕ್ರಮ. ಎಲ್ಲರ ಹತ್ರ ಕೇಳ್ತಾರೆ, "ಯಾರಿಗಾದ್ರೂ ಯಾರ ಮೇಲಾದ್ರೂ ಬೇಜಾರು ಉಂಟಾ?" ಇದ್ರೆ ಯಾರಿಗೂ ಭೋಜನ ಇಲ್ಲ.

ವೆಲ್ಡರ್ ತಲೆ ಕೆರೆದು ಅಂದ, "ಅಂಕಲ್ ಮೇಲೆ ನನಗೆ ಸ್ವಲ್ಪ ಉಂಟು."

ಅಯ್ಯೋ ದೇವರೇ! ಊರಲ್ಲಿ ಅಣ್ಣತಮ್ಮ ಕೋರ್ಟಿನಲ್ಲಿದ್ರೂ ಒಟ್ಟಿಗೆ ಭೋಜನ ತಗೊಳ್ತಾರೆ. ಇಲ್ಲಿ ನನ್ನಿಂದಾಗಿ ಹೆಂಗಸರು ಮಕ್ಕಳು ಎಲ್ಲ ಬಾಯಿ ಒಣಗಿಸಿ ಕೂತರು. ನಮ್ಮಿಬ್ಬರನ್ನು ಅಡುಗೆಮನೆಗೆ ದಬ್ಬಿದರು, ಮಾತಾಡಿ ಮುಗಿಸಿ ಬನ್ನಿ ಅಂತ.

"ಎಂತ ಬೇಜಾರು ನಿನಗೆ?"

"ಮೊನ್ನೆ ಯಾರ್ಡಿನಲ್ಲಿ ಕತ್ತೆ ಅಂದ್ರಿ."

"ನೀನು ಕ್ರೇನಿನಲ್ಲಿ ನೇತಾಡುವ ಲೋಡಿನ ಕೆಳಗೆ ನಿಂತಿದ್ದಿ. ಕತ್ತೆಯೂ ಅಲ್ಲಿ ನಿಲ್ಲುವುದಿಲ್ಲ."

"ನಿಂತದ್ದು ತಪ್ಪೇ. ಆದ್ರೆ ಫಿಲಿಪೀನಿಗಳ ಎದುರು ಅಂದ್ರಿ."

"ಅವರಿಗೆ ಕನ್ನಡ ಎಲ್ಲಿ ಬರ್ತದೆ?"

"ನೀವು ಆಮೇಲೆ ಇಂಗ್ಲಿಷಿನಲ್ಲೂ ಹೇಳಿದ್ರಿ. ಅರಬಿಯಲ್ಲೂ."

ತಪ್ಪಾಯ್ತು ಅಂದೆ. ವೀಸಾ ಕೊಟ್ಟ ಅರಬಿ ಧಣಿ, ನಮ್ಮ ಕಫೀಲಿನ ಎದುರೂ ಹೇಳದ ಮಾತು! ಭೋಜನ ಆಯ್ತು. ಆಮೇಲೆ, ಯಾರೂ ದೊಡ್ಡವರಲ್ಲ ಅಂತ ತೋರಿಸ್ಲಿಕ್ಕೆ, ಜೋಡಿಜೋಡಿಯಾಗಿ ಒಬ್ಬರ ಕಾಲು ಇನ್ನೊಬ್ಬರು ತೊಳೆಯುವುದಂತೆ. ನನ್ನ ಪಾಲಿಗೆ ಅವನದ್ದೇ ಕಾಲು. ಬಾತ್‌ರೂಮಿಗೆ ಹೋಗಿ ಬೇಸಿನ್ ತುಂಬಿಸಿ ತಂದು ಮಂಡಿಯೂರಿದೆ, ಅವನ ಪಾದ ಹಿಡಿದು ಮುಳುಗಿಸಿದೆ. ಅವ ಕುರ್ಚಿ ಸಮೇತ ಹಾರಿದ. ಬೇಸಿಗೆಯಲ್ಲಿ ಇಲ್ಲಿನ ತಾರಸಿ ಟ್ಯಾಂಕಿನ ನೀರು ಕುದಿಯುವ ಗಂಜಿ ಅಂತ ನನಗೆ ಮರೆತೇಹೋಗಿತ್ತು.

ಕಾಲು ಊದ್ತಾ ಕೇಳಿದ, "ಅಂಕಲ್, ನಿಮಗೆ ಇನ್ನೂ ಬೇಜಾರು ಉಂಟಾ?"

ಚೀಟಿ

ಕೆನಡಾದ ದೊರೆ ಊರಿಗೆ ಹೊರಟ. ಸಭೆ ನಡೆಸ್ಲಿಕ್ಕೆ ಇನ್ನೊಬ್ಬ ಬೇಕು. ಬಂತು ನನ್ನ ಕಾಲ! ಹೊಸ ಶರ್ಟು ಹಾಕ್ಕೊಂಡು ಹೋದೆ. "ನಾನು ತಯಾರು" ಅನ್ನಲಿಕ್ಕೆ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ತೊಡೆ ಚಿವುಟಿದಳು. "ತಾನೇ ಕೇಳಿದವನಿಗೆ ಕೊಡುವುದಿಲ್ಲ! ಬೇರೆಯವರು ಹೆಸರು ಹೇಳ್ಬೇಕು."

ಶರ್ಟಿನ ಕಾಲರು ಸರಿಮಾಡಿ ಕೂತೆ. ನರ್ಸಮ್ಮನ ಹೆಸರು ಬಂತು, ವೆಲ್ಡರಿನದ್ದು ಬಂತು. ನನ್ನದು? ಯಾರೂ ಇಲ್ಲ. ತಮ್ಮನ ಹಲ್ಲುಕಿಸಿಯುವ ಮುಖ ಕಣ್ಣೆದುರು ಬಂತು. ಆಗ ಆ ವೆಲ್ಡರ್ ಅಂದ, "ಅಂಕಲ್‌ದೂ ಇರ್ಲಿ." ಎಲ್ಲರೂ ಒಪ್ಪಿದರು. ಅಷ್ಟು ಬೇಗ ಯಾಕೆ ಒಪ್ಪಿದರು ಅಂತ ನಾನು ಯೋಚನೆ ಮಾಡ್ಬೇಕಿತ್ತು.

ಮೂರು ಜನಕ್ಕೆ ಮೂರು ಹಾಡಿನ ಪುಸ್ತಕ ಇಟ್ಟರು. ಒಂದರೊಳಗೆ ಚೀಟಿ. ಚೀಟಿ ಯಾರಿಗೋ ಅವನೇ ನಾಯಕ, ದೇವರ ತೀರ್ಮಾನ. ಉಳಿದಿಬ್ಬರು "ನನಗೆ ಬಾರದಿರ್ಲಿ" ಅಂತ ಪ್ರಾರ್ಥಿಸ್ತಾ ಇದ್ದರು. ಯಜಮಾನಿಕೆ ಬೇಡ ಅನ್ನುವ ಜನರನ್ನು ನಾನು ನೋಡಿದ್ದು ಅದೇ ಮೊದ್ಲು!

ಪುಸ್ತಕ ತೆರೆದೆ. ಚೀಟಿ ನನ್ನದರಲ್ಲಿ. ಎತ್ತಿ ಎಲ್ಲರಿಗೂ ತೋರಿಸಿದೆ. ಹೆಂಡತಿ ಸೆರಗಿನಲ್ಲಿ ಕಣ್ಣು ಒರೆಸ್ತಾ ಇದ್ದಳು. "ಖುಷಿಯಾ?" ಕೇಳಿದೆ.

"ಅಲ್ಲ, ಪಾಪ ಇವರ ಕಿವಿಗಳ ಗತಿ ನೆನೆದು."

ತಮ್ಮನಿಗೆ ಕೂಡ್ಲೇ ಫೋನ್ ಮಾಡಿ ಹೇಳಿದೆ. ಅವ ನೆಟ್‌ವರ್ಕ್ ಸರಿ ಇಲ್ಲ ಅಂತ ಫೋನ್ ಇಟ್ಟ. ಸ್ವರ್ಗ!

ಮುಂದಿನ ಶುಕ್ರವಾರ ನನ್ನ ಮೊದಲ ಸಭೆ. ಪ್ರಾರ್ಥನೆ ಎಂಟಕ್ಕಾ ಒಂಬತ್ತಕ್ಕಾ ಅಂತ ಮಾತು. ನಾನು ಗಂಟಲು ಸರಿಮಾಡಿ ಎದ್ದೆ. ನರ್ಸಮ್ಮ ಕೈ ಹಿಡಿದು ಕೂರಿಸಿದಳು. "ನಾಯಕರು ಕೊನೆಗೆ ಮಾತಾಡ್ಬೇಕು ಅಂಕಲ್. ಎಲ್ಲರದ್ದೂ ಕೇಳಿದ ಮೇಲೆ."

ಕೊನೆಗಾ? ಇದನ್ನು ಮೊದ್ಲೇ ಹೇಳ್ಬೇಕಲ್ವಾ ಮಾರಾಯ್ರೆ! ವೆಲ್ಡರ್ ನೆಲ ನೋಡ್ತಾ ನಗ್ತಾ ಇದ್ದ. ಆವತ್ತು ಎಲ್ಲರೂ ಅಷ್ಟು ಬೇಗ ಒಪ್ಪಿದ್ದು ನನ್ನ ಬಾಯಿ ಮುಚ್ಚಿಸ್ಲಿಕ್ಕೇ! ಒಬ್ಬೊಬ್ಬರೇ ಮಾತಾಡಿದರು, ನಿಧಾನಕ್ಕೆ, ನೀರು ಕುಡಿದು ಕುಡಿದು. ನಾನು ಎರಡು ಸಲ ಏಳ್ಲಿಕ್ಕೆ ಹೋದೆ, ನರ್ಸಮ್ಮ ಎರಡು ಸಲವೂ ಕೂರಿಸಿದಳು. ಅಂತೂ ಎಲ್ಲರೂ ಒಂಬತ್ತಕ್ಕೆ ಒಪ್ಪಿ ನನ್ನ ಕಡೆ ತಿರುಗಿದರು. ನಾನು ಹೇಳ್ಬೇಕೆಂದಿದ್ದ ಪ್ರತಿಯೊಂದನ್ನೂ ಅವರೇ ಹೇಳಿ ಮುಗಿಸಿದ್ದರು.

"ಆಮೇನ್" ಅಂದೆ.

ಇಡೀ ಸಭೆಗೆ ಗಾಬರಿಯಾಯ್ತು. ಹೆಂಡತಿ ಓಡಿ ಬಂದು ನನ್ನ ಹಣೆ, ಕತ್ತು ಎಲ್ಲ ಮುಟ್ಟಿ ನೋಡಿ ನರ್ಸಮ್ಮನಿಗೆ ಹೇಳಿದಳು, "ಜ್ವರ ಇಲ್ಲ. ಆದ್ರೂ ಬಿಪಿ ಒಮ್ಮೆ ನೋಡು."