ತೊಳೆದು ಕುಡಿದ ತಟ್ಟೆ

ಈಗಿನವರಿಗೆ ಶಾಕ್ ಆಗುವುದು ಬಹಳ ಸುಲಭ. ನನ್ನ ಮೊಮ್ಮಗಳು ದಿನಕ್ಕೆ ಹತ್ತು ಸಲವಾದರೂ 'ಅಜ್ಜೀ, ಐ ವಾಸ್ ಶಾಕ್ಡ್' ಎನ್ನುತ್ತಾಳೆ. ಏನಾಯಿತೋ ಎಂದು ಗಾಬರಿಯಿಂದ ಎದ್ದು ಕೂತರೆ, ಯಾರೋ ಗೆಳತಿ ಕೂದಲು ಗಿಡ್ಡ ಮಾಡಿಸಿಕೊಂಡಿರುತ್ತಾಳೆ, ಇಲ್ಲವೇ ಕ್ಯಾಂಟೀನಿನ ಸಮೋಸ ತಣ್ಣಗಿರುತ್ತದೆ. ಹೇಳಿ ಮುಗಿಸುವಷ್ಟರಲ್ಲಿ ಶಾಕು ಇಳಿದೇ ಹೋಗಿರುತ್ತದೆ. ನಮ್ಮ ಕಾಲದ ಶಾಕು ಹಾಗಿರಲಿಲ್ಲ. ಒಮ್ಮೆ ಆಯಿತೆಂದರೆ ಒಳ್ಳೆಯ ಕಂಬಳಿಯ ಹಾಗೆ ವರ್ಷಗಟ್ಟಲೆ ಬಾಳುತ್ತಿತ್ತು. ನನಗಾದ ಒಂದಂತೂ ಈ ವಯಸ್ಸಿನಲ್ಲೂ ಬೆಚ್ಚಗೇ ಇದೆ. ಅದು ಆದದ್ದು ಮದ್ರಾಸಿನಲ್ಲಿ, ಊಟದ ತಟ್ಟೆಯ ಮುಂದೆ. ತಪ್ಪು ಯಾರದೆಂಬುದನ್ನು ಅಂದು ಆ ಮೇಜಿನಲ್ಲಿದ್ದವರ ಹೊರತು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಕನ್ಫೆಷನ್ ಮಾಡಿದರೆ ಮನಸ್ಸು ಹಗುರಾಗುತ್ತದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಹೇಳುತ್ತಿದ್ದರು. ಹಗುರಾಗುವ ಕೆಲಸವನ್ನು ಇಷ್ಟು ಕಾಲ ಮುಂದೂಡಿದ್ದನ್ನು ನನ್ನ ಸೋಮಾರಿತನವೆಂದೇ ತಿಳಿಯಿರಿ.

ಅದು ಎರಡನೆಯ ಮಹಾಯುದ್ಧದ ಕಾಲ. ನಾನೂ ಗಂಗಿಯೂ ಆದೋನಿಯ ಒಂದೇ ಓಣಿಯವರು. ಗಂಗಿ ಎಂದರೆ ಗಂಗಮ್ಮ, ಅರಳೆ ವ್ಯಾಪಾರಿ ಚನ್ನಪ್ಪ ಕಾಕಾನ ಒಬ್ಬಳೇ ಮಗಳು. ನನ್ನನ್ನು ನಮ್ಮಪ್ಪ ಬಳ್ಳಾರಿಯ ಕಾನ್ವೆಂಟಿಗೆ ಹಾಕಿದ್ದರು, ಅವಳು ಊರಲ್ಲೇ ಓದಿದಳು. ರಜೆಗೆ ಬಂದಾಗಲೆಲ್ಲ ನಾನು ಅವಳ ಮುಂದೆ ಕೂತು, ಫೋರ್ಕು ಹಿಡಿಯುವುದು ಹೇಗೆಂದು ಬರಿಗೈಯಲ್ಲೇ ಅಭಿನಯಿಸಿ ತೋರಿಸುತ್ತಿದ್ದೆ. ಅವಳು ಗಲ್ಲಕ್ಕೆ ಕೈ ಕೊಟ್ಟು ಎಲ್ಲವನ್ನೂ ನೋಡಿ, 'ಅದರಿಂದ ಜ್ವಾಳದ ರೊಟ್ಟಿ ಹೆಂಗ ಮುರೀತಾರ್ಲೇ ನೀಲಿ?' ಎಂದು ಕೇಳಿ ನನ್ನ ನಾಗರಿಕತೆಗೆ ಪೂರ್ಣವಿರಾಮ ಹಾಕುತ್ತಿದ್ದಳು. ಇಬ್ಬರಿಗೂ ಮದ್ರಾಸಿನಲ್ಲಿ ಟೀಚರ್ಸ್ ಟ್ರೇನಿಂಗಿಗೆ ಸೀಟು ಸಿಕ್ಕಿದಾಗ ನಮ್ಮಪ್ಪ, 'ಗಂಗಿ ಜೋಡಿ ಇದ್ರ ಹೋಗು. ಒಬ್ಬಾಕಿನ್ನ ನಾ ಕಳ್ಸೂದಿಲ್ಲ' ಎಂದುಬಿಟ್ಟರು. ಕಾಕಾನ ಷರತ್ತು ಇನ್ನೂ ಬಿಗಿ. ಹೊರಡುವ ಹಿಂದಿನ ದಿನ ಬಳೆಗಾರನನ್ನು ಕರೆಸಿ, ಮಗಳ ಕೈಗೆ ಹಿಡಿದು ಕೂರುವಂಥ ಹಸಿರು ಬಳೆ ಇಡಿಸಿದರು. ತೊಡಿಸುವಾಗ ಗಂಗಿಯ ಕಣ್ಣಲ್ಲಿ ನೀರೇ ಬಂದಿತ್ತು.

'ಈ ಬಳಿ ಸಡ್ಲಾದ ದಿನ ನಿನ್ನ ಓದು ಮುಗೀತು ಅಂತ ತಿಳ್ಕೋ' ಎಂದರು ಕಾಕಾ. 'ಹೊಟ್ಟಿ ಕಟ್ಟಿ ಟೀಚರಮ್ಮ ಆಗೂದು ಬ್ಯಾಡ. ಗೋನೆಗಂಡ್ಲದ ಬೀಗರು ಹೂಂ ಅನ್ನೂದಕ್ಕ ಕಾಯಾಕತ್ಯಾರ.'

ಗೋನೆಗಂಡ್ಲದಲ್ಲಿ ಒಬ್ಬ ವರ ಸಿದ್ಧನಾಗಿದ್ದ ಎಂದು ಇದರ ಅರ್ಥ. ಅವಳು ವಾಪಸು ಬಂದರೆ ನಾನೂ ವಾಪಸು. ನಮ್ಮಿಬ್ಬರ ಹೈಯರ್ ಎಜುಕೇಷನ್ ಎಂಬುದು ಒಂದು ಡಜನ್ ಗಾಜಿನ ಬಳೆಗಳ ಮೇಲೆ ನಿಂತುಕೊಂಡು ರೈಲು ಹತ್ತಿತು.

ಮದ್ರಾಸಿನಲ್ಲಿ ಇಳಿದ ಕೂಡಲೇ ನಾನು ಮುಂದೆ, ಗಂಗಿ ನನ್ನ ಸೆರಗು ಹಿಡಿದು ಹಿಂದೆ ಎಂದು ದಾರಿಯುದ್ದಕ್ಕೂ ಕಲ್ಪಿಸಿಕೊಂಡಿದ್ದೆ. ಇಂಗ್ಲಿಷು ಬರುವವಳು ನಾನಲ್ಲವೇ! ಸೆಂಟ್ರಲ್ ಸ್ಟೇಷನ್ನಿನ ಹೊರಗೆ ಜಟಕಾದವನಿಗೆ 'ಕೈಂಡ್ಲಿ ಟೇಕ್ ಅಸ್' ಎಂದು ಆರಂಭಿಸಿದೆ. ಅವನು ನನ್ನನ್ನು ನೋಡಿ ಬೀಡಿ ಹಚ್ಚಿಕೊಂಡ. ಗಂಗಿ ನನ್ನನ್ನು ಪಕ್ಕಕ್ಕೆ ಸರಿಸಿ, ನಮ್ಮ ಸಂತೆಯ ತೆಲುಗಿನಲ್ಲಿ ಜಗಳಕ್ಕೇ ಇಳಿದಳು. ಅವನೂ ನೆಲ್ಲೂರ ಕಡೆಯವನಂತೆ, ಎರಡೇ ನಿಮಿಷದಲ್ಲಿ ಅವಳನ್ನು 'ಅಕ್ಕಾ' ಎನ್ನತೊಡಗಿದ. ಎರಡನೆಯ ದಿನ ಸಮುದ್ರ ನೋಡಲು ಹೋದೆವು. ಕೊಡ ನೀರಿಗಾಗಿ ಬಾವಿಕಟ್ಟೆಯಲ್ಲಿ ಸರದಿ ನಿಲ್ಲುವ ಊರಿನವರು ನಾವು. ಗಂಗಿ ಒಂದು ಬೊಗಸೆ ಬಾಯಿಗೆ ಹಾಕಿ, ಥೂ ಎಂದು ಉಗುಳಿ, 'ಇಷ್ಟು ನೀರು ಇಟ್ಕೊಂಡು ಉಪ್ಪು ಹಾಕಿ ಕೆಡಿಸ್ಯಾರಲ್ಲವ್ವ' ಎಂದು ನಿಜವಾಗಿಯೂ ನೊಂದುಕೊಂಡಳು. ಬೆವರಿಗೂ ಅವಳು ನನಗಿಂತ ಬೇಗ ಒಗ್ಗಿದಳು. ನಾನು ಪೌಡರು ಹಚ್ಚಿ ಹತ್ತು ನಿಮಿಷಕ್ಕೆ, ಸುಣ್ಣ ಬಳಿದ ಗೋಡೆಗೆ ಮಳೆ ಬಡಿದಂತೆ ಕಾಣುತ್ತಿದ್ದೆ.

ಆದರೆ ಹಾಸ್ಟೆಲಿನ ಊಟದ ಹಾಲ್ ನನ್ನ ರಾಜ್ಯ. ಅಲ್ಲಿ ಮೇಜು, ಬೆಂಚು, ಬಿಳಿ ಎನಾಮಲ್ ತಟ್ಟೆ, ನಲವತ್ತು ಹುಡುಗಿಯರು. ಮೊದಲ ರಾತ್ರಿಯ ಊಟಕ್ಕೆ ನಾನು ಬೆನ್ನು ನೆಟ್ಟಗೆ ಮಾಡಿ, ತುಟಿ ಮುಚ್ಚಿ ಅಗಿಯುತ್ತ, ಕೊನೆಗೆ ತಟ್ಟೆಯಲ್ಲಿ ಎರಡು ತುತ್ತು ಉಳಿಸಿದೆ. ಅದು ಕಾನ್ವೆಂಟಿನ ಪಾಠ. ತಟ್ಟೆ ಬರಿದಾಗುವವರೆಗೆ ತಿನ್ನುವುದು ಹಸಿದವರ ಲಕ್ಷಣ, ಲೇಡಿಯಾದವಳು ಕೊಂಚ ಉಳಿಸಬೇಕು, ಅದೇ ಮ್ಯಾನರ್ಸ್. ಹೀಗೆ ಉಳಿಸಿ, ಯಾರಾದರೂ ನೋಡಿದರೇ ಎಂದು ಓರೆಗಣ್ಣು ಹಾಯಿಸಿದೆ. ಎಲ್ಲರೂ ನೋಡುತ್ತಿದ್ದರು. ನನ್ನನ್ನಲ್ಲ, ಗಂಗಿಯನ್ನು. ಅವಳು ಮಜ್ಜಿಗೆ ಅನ್ನ ಮುಗಿಸಿ, ಲೋಟದ ನೀರನ್ನು ತಟ್ಟೆಗೆ ಸುರಿದು, ಬೆರಳಾಡಿಸಿ ಅಗುಳು ಅಗುಳನ್ನೂ ಬಿಡಿಸಿ, ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಗಟಗಟನೆ ಕುಡಿಯುತ್ತಿದ್ದಳು.

ಇದು ನನಗೇನೂ ಹೊಸದಲ್ಲ. ನಮ್ಮ ಶೈವರ ಮನೆಗಳಲ್ಲಿ ಊಟವೆಂದರೆ ಪ್ರಸಾದ, ಪ್ರಸಾದವನ್ನು ಒಂದು ಅಗುಳೂ ಕೆಡಿಸುವಂತಿಲ್ಲ. ನಮ್ಮವ್ವ ಮೂರು ಹೊತ್ತೂ ತಟ್ಟೆ ತೊಳೆದು ಕುಡಿಯುತ್ತಿದ್ದಳು, ಬಳ್ಳಾರಿಗೆ ಹೋಗುವವರೆಗೆ ನಾನೂ ಕುಡಿದವಳೇ. ಆದರೆ ಆ ಹಾಲ್‌ನಲ್ಲಿದ್ದ ಹುಡುಗಿಯರ ಮುಖ ನೋಡಬೇಕಿತ್ತು! ಎದುರಿಗೆ ಕೂತಿದ್ದ ತಂಜಾವೂರಿನ ಹುಡುಗಿ ಕೈಯಲ್ಲಿದ್ದ ಹಪ್ಪಳವನ್ನು ಅರ್ಧಕ್ಕೇ ಬಿಟ್ಟಳು. ಅವರ ಲೆಕ್ಕದಲ್ಲಿ ಅದು ಎಂಜಲು ನೀರು, ಅದನ್ನು ಮುಟ್ಟಿದರೇ ಸ್ನಾನ. ಇವಳು ಕುಡಿದೇಬಿಟ್ಟಳಲ್ಲ! ಆ ಹುಡುಗಿ ನನ್ನ ಕಡೆ ಬಾಗಿ, 'ಇಸ್ ಶೀ ವಿತ್ ಯೂ?' ಎಂದು ಪಿಸುಗುಟ್ಟಿದಳು. ನನ್ನ ಬಾಯಿಂದ ಬಂದ ಉತ್ತರ ನೆನೆದರೆ ಈಗಲೂ ಕಿವಿ ಕೆಂಪಾಗುತ್ತದೆ. ಒಂದೇ ಓಣಿಯಲ್ಲಿ ಹುಟ್ಟಿ, ಒಂದೇ ತೊಟ್ಟಿಲ ಹಾಡು ಕೇಳಿ ಬೆಳೆದ ನಾನು, 'ವಿ ಕೇಮ್ ಬೈ ದ ಸೇಮ್ ಟ್ರೇನ್' ಎಂದೆ. ಯಾರೋ ಪಾಪ, ಒಂದೇ ಗಾಡಿಯಲ್ಲಿ ಬಂದವರು ಎಂಬಂತೆ!

ರೂಮಿಗೆ ಬಂದು ಬಾಗಿಲು ಹಾಕಿ ಲೆಕ್ಚರ್ ಶುರು ಮಾಡಿದೆ. ಇದು ಮದ್ರಾಸು, ಇಲ್ಲಿ ಹೀಗೆಲ್ಲ ಮಾಡಬಾರದು, ತಟ್ಟೆಯಲ್ಲಿ ಸ್ವಲ್ಪ ಬಿಟ್ಟು ಏಳುವುದೇ ಮರ್ಯಾದೆ ಎಂದೆ.

'ಅನ್ನ ಬಿಡೂದು ಮರ್ಯಾದಿ ಏನ್ಲೇ?' ಗಂಗಿ ಹೌಹಾರಿದಳು. 'ನಿಮ್ಮವ್ವ ಕೇಳಿದ್ರ ಲಟ್ಟಣಿಗಿ ತಗೊಂಡು ಮದ್ರಾಸಿಗೇ ಬರ್ತಾಳ.'

'ಎಲ್ಲಾರೂ ನಗ್ತಾರ ಗಂಗಿ.'

'ನಕ್ಕರ ನಗಲಿ. ಅವರ ಹಲ್ಲು, ಅವರ ಬಾಯಿ.'

'ನನಗ ನಾಚಿಕಿ ಆಗ್ತೈತಿ' ಎಂದೆ.

'ನಿನಗ ನಾಚಿಕಿ ಆಗ್ತೈತೇನು? ಹಂಗಂದ್ರ ಕುಡಿಯೂದಿಲ್ಲ ಬಿಡು' ಎಂದು ಮಗ್ಗುಲಾದಳು. ಗೆದ್ದೆನೆಂದುಕೊಂಡು ನಾನು ಸುಖವಾಗಿ ಮಲಗಿದೆ.

ಮರುದಿನ ನೋಡಿದರೆ ಅವಳು ಸಾರು ಹಾಕಿಸಿಕೊಳ್ಳಲಿಲ್ಲ. ಮಜ್ಜಿಗೆಯೂ ಬೇಡ. ಒಂದು ಮುಷ್ಟಿ ಒಣ ಅನ್ನ, ಚಿಟಿಕೆ ಪಲ್ಯ, ಮುಂಜಾನೆ ಚಟ್ನಿಯಿಲ್ಲದ ಎರಡು ಇಡ್ಲಿ. ಇದೇನೆಂದು ಕೇಳಿದರೆ ಲಾಜಿಕ್ಕು ಸ್ಪಷ್ಟವಾಗಿತ್ತು. 'ತಟ್ಟಿಗೆ ಅಂಟೂದು ಹಾಕ್ಕೊಂಡ್ರ ತಾನೇ ತೊಳೀಬೇಕಾಗೂದು? ಅಂಟೂದನ್ನೇ ಹಾಕ್ಕೊಳ್ಳಂಗಿಲ್ಲ. ನಿನ್ನ ಮರ್ಯಾದಿನೂ ಉಳೀತು, ಪ್ರಸಾದನೂ ಉಳೀತು.' ಇಂಥ ಉಪಾಯ ನಮ್ಮ ಓಣಿಯವರಿಗಲ್ಲದೆ ಇನ್ನಾರಿಗೂ ಹೊಳೆಯದು. ನಾಲ್ಕು ದಿನದಲ್ಲಿ ಬೇಸತ್ತು ಬಿಡುತ್ತಾಳೆಂದುಕೊಂಡೆ. ಬಿಡಲಿಲ್ಲ. ಆರನೆಯ ವಾರದಲ್ಲಿ ಒಂದು ದಿನ, ಪ್ರಾಕ್ಟೀಸ್ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯಲು ಅವಳು ಕೈ ಎತ್ತಿದಳು. ಹಸಿರು ಬಳೆಗಳು ಝಲ್ಲೆಂದು ಮಣಿಕಟ್ಟಿನಿಂದ ಮೊಣಕೈವರೆಗೆ ಜಾರಿದವು. ಕ್ಲಾಸಿನ ಮಕ್ಕಳೆಲ್ಲ ನಕ್ಕರು. ನನಗೆ ಮಾತ್ರ ಗೋನೆಗಂಡ್ಲದ ವರ ಕಿಟಕಿಯಲ್ಲಿ ಇಣುಕಿದ ಹಾಗಾಯಿತು.

ಆಮೇಲೆ ನಾನು ಮಾಡಿದ ಪ್ರಯತ್ನಗಳು ಒಂದೆರಡಲ್ಲ. ಬಾಳೆಹಣ್ಣು ತಂದೆ, ಶೇಂಗಾ ತಂದೆ. ಒಂದು ಬಾಳೆಹಣ್ಣಿಗೆ ಎಷ್ಟು ಮೈ ಬಂದೀತು? 'ಹೋಗ್ಲಿ, ಕುಡಿಯೇ' ಎಂದು ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ತಂಜಾವೂರಿನವಳು ನನಗೆ ಬೆಸ್ಟ್ ಫ್ರೆಂಡ್ ಆಗಿದ್ದಳು. ಕೊನೆಗೆ ನಾನು ಕಂಡುಕೊಂಡ ದಾರಿಯೆಂದರೆ ಬಳೆಗಳ ಒಳಮೈಗೆ ನೂಲು ಸುತ್ತುವುದು. ಇಬ್ಬರೂ ಕೂತು ಹನ್ನೆರಡು ಬಳೆಗೂ ಹಸಿರು ನೂಲು ಸುತ್ತಿದೆವು. ಮಣಿಕಟ್ಟಿಗೆ ಹಿಡಿದು ಕೂತವು. ಮಣಿಕಟ್ಟಿನ ಮೇಲಿದ್ದ ಹುಡುಗಿ ಸೊರಗಿದ್ದರೇನಾಯಿತು?

ಒಂದು ಭಾನುವಾರ, ಕಾಗದವಿಲ್ಲ ಪತ್ರವಿಲ್ಲ, ರೊಟ್ಟಿಯ ಗಂಟು ಹೊತ್ತು ಕಾಕಾ ಬಂದು ನಿಂತರು. ಮಗಳ ಮುಖ ನೋಡಿದರು. ಅವಳ ಕೈ ಹಿಡಿದು ಒಂದು ಬಳೆಯನ್ನು ಎರಡೇ ಬೆರಳಿನಿಂದ ಸವರಿದರು.

'ನಲವತ್ತು ವರ್ಷ ಅರಳಿ ಅಂಡಿಗ್ಯಾಗ ಕಲ್ಲು ತುಂಬಿ ತಂದವರನ್ನ ಹಿಡದೀನಿ. ನನಗ ನೂಲಿನಾಗ ಮೋಸ ಮಾಡ್ತೀರೇನವ್ವ?' ಎಂದರು. ಸಿಟ್ಟೇ ಇರಲಿಲ್ಲ ಆ ದನಿಯಲ್ಲಿ. 'ಟ್ರಂಕ್ ಕಟ್ರಿ. ಸಂಜಿ ಗಾಡಿಗೆ ಹೋಗೂದು. ನೀಲಿ, ನೀನೂ ಕಟ್ಟವ್ವ. ನಿಮ್ಮಪ್ಪ ಹೇಳಿ ಕಳಿಸ್ಯಾನ.'

ಊರಿಂದ ಬಂದ ತಂದೆತಾಯಿಗೆ ಭಾನುವಾರ ನಮ್ಮ ಹಾಲ್‌ನಲ್ಲೇ ಊಟ ಹಾಕುವ ಪದ್ಧತಿಯಿತ್ತು. ಬಾಗಿಲ ಬಳಿಯ ಮೇಜಿನಲ್ಲಿ ನಾವು ಮೂವರೂ ಕೂತೆವು. ವಾರವೆಲ್ಲ ತನ್ನ ಬಂಗಲೆಯಲ್ಲೇ ಉಣ್ಣುತ್ತಿದ್ದ ವಾರ್ಡನ್, ಸ್ಕಾಟ್‌ಲೆಂಡಿನ ಒಬ್ಬ ಮುದುಕಿ ಮಿಸ್ಸು, ಭಾನುವಾರ ಮಾತ್ರ ದಪ್ಪ ಕನ್ನಡಕ ಹಾಕಿಕೊಂಡು ಒಂದು ಸುತ್ತು ಬರುತ್ತಿದ್ದಳು. ರೇಷನ್ ಅಕ್ಕಿ ಚೆಲ್ಲುತ್ತೀರೆಂದು ಆಗಾಗ ನಮ್ಮನ್ನು ಬೈಯುವುದೂ ಇತ್ತು. ಕಾಕಾ ಶಾಂತವಾಗಿ ಉಂಡು, ನೀರು ಸುರಿದು, ತಟ್ಟೆ ತೊಳೆದು, ಎತ್ತಿ ಕುಡಿದರು. ಅವರ ಕಣ್ಣು ಮಗಳ ತಟ್ಟೆಯ ಒಣ ಅನ್ನದ ಮೇಲೆ ಬಿತ್ತು.

'ಯಾಕ ಒಣದು ಉಣ್ತಿ? ಸಾರು ಚಲೋ ಐತಲ್ಲ?'

ಈಗ ಹೇಳುತ್ತಾಳೆ, ನನ್ನ ಕಡೆ ಬೆರಳು ಮಾಡುತ್ತಾಳೆ ಎಂದುಕೊಂಡೆ. ಗಂಗಿ ತಲೆ ಎತ್ತದೆ, 'ನನಗ ಸೇರೂದಿಲ್ಲಪ್ಪ' ಎಂದಳು. ಅಷ್ಟೇ. ಓದು ಹೋದರೂ, ಗೋನೆಗಂಡ್ಲಕ್ಕೆ ಹೋದರೂ ಅವಳು ನನ್ನ ಹೆಸರು ಎತ್ತುವವಳಲ್ಲ. ಶಾಕೆಂದರೆ ಅದು.

ಸ್ನೇಹಕ್ಕಾಗಿ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅರ್ಧ ನನ್ನ ಸೀಟಿಗಾಗಿಯೂ ಹೌದು, ಲೋಟ ಎತ್ತಿ ನನ್ನ ತಟ್ಟೆಗೆ ನೀರು ಸುರಿದುಕೊಂಡೆ. ಎದುರು ಮೇಜಿನಲ್ಲಿ ತಂಜಾವೂರಿನವಳ ಹುಬ್ಬು ಹಣೆಯಾಚೆ ಹೋಯಿತು. ಕಣ್ಣು ಮುಚ್ಚಿ ಕುಡಿದೆ. ಅಭ್ಯಾಸ ತಪ್ಪಿ ಎಷ್ಟು ವರ್ಷವಾಗಿತ್ತು! ಮ್ಯಾನರ್ಸಿಗೆಂದು ಉಳಿಸಿದ್ದ ಎರಡು ತುತ್ತು, ಕರಿಬೇವು, ಒಂದು ಇಡೀ ಕೆಂಪು ಮೆಣಸಿನಕಾಯಿ, ಎಲ್ಲವೂ ಒಟ್ಟಿಗೆ ಗಂಟಲಿಗೆ ನುಗ್ಗಿ ಅರ್ಧ ಮೂಗಿನಿಂದ ಹೊರಬಂತು. ನಲವತ್ತು ಹುಡುಗಿಯರ ಮುಂದೆ ನಾನು ಕೆಮ್ಮಿ ಕೆಮ್ಮಿ ನೀಲಿಗಟ್ಟಿದೆ. ಕಾಕಾ ಬೆನ್ನಿಗೆ ಗುದ್ದುತ್ತ, 'ಮೊದ್ಲು ಉಣ್ಣಬೇಕು ತಾಯಿ, ಆಮ್ಯಾಲ ತೊಳೀಬೇಕು' ಎಂದರು.

'ನಾನೇ ಬ್ಯಾಡಂದಿದ್ದೆ ಕಾಕಾ' ಎಂದೆ, ಉಸಿರು ಬಂದ ಮೇಲೆ. 'ತೊಳದು ಕುಡೀಬ್ಯಾಡ ಅಂದಿದ್ದೆ. ಅದಕ್ಕ ಆಕಿ ಒಣದು ಉಣ್ಣಾಕತ್ತಾಳ.'

ಗಂಗಿ ಅಷ್ಟರಲ್ಲಿ ನಗಲು ಶುರು ಮಾಡಿದ್ದಳು. ಬಡಿಸುವವಳನ್ನು ಕೈಮಾಡಿ ಕರೆದು, 'ಸಾರು ಹಾಕವ್ವ, ಇನ್ನೊಂದೀಟು. ಇನ್ನೊಂದೀಟು' ಎಂದಳು. ನಾಲ್ಕು ಸಲ ಹಾಕಿಸಿಕೊಂಡಳು. ಕೊನೆಗೆ ಅವಳ ತಟ್ಟೆ ಬಾಯಿಯಿಂದ ಇಳಿದಾಗ ಹೊಸ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಕಾಕಾ ಅವಳು ಉಣ್ಣುವುದನ್ನು ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿ, 'ಇಷ್ಟು ಇಂಗ್ಲೀಷ್ ಕಲ್ತು ಇಷ್ಟ ಏನವ್ವ ಬುದ್ಧಿ?' ಎಂದರು. ಸಂಜೆಯ ಗಾಡಿಗೆ ಒಬ್ಬರೇ ಹೋದರು.

ಇಲ್ಲಿಗೆ ನಿಲ್ಲಿಸಿದ್ದರೆ ಕತೆಯಲ್ಲಿ ನನಗೂ ಸ್ವಲ್ಪ ಮಾನ ಉಳಿಯುತ್ತಿತ್ತು. ಆದರೆ ನನ್ನ ಕೆಮ್ಮು ಕೇಳಿ ವಾರ್ಡನ್ ಮಿಸ್ಸಮ್ಮ ಆಗಲೇ ನಮ್ಮ ಮೇಜಿಗೆ ಧಾವಿಸಿದ್ದಳು. ಅವಳಿಗೆ ಕಂಡದ್ದು ನನ್ನ ಬರಿದಾದ ತಟ್ಟೆ. 'ನಾಟ್ ಎ ಗ್ರೇನ್!' ಎಂದು ಅದನ್ನು ಎತ್ತಿ ಎಲ್ಲರಿಗೂ ತೋರಿಸಿದಳು. ದೇಶವೆಲ್ಲ ಅನ್ನಕ್ಕೆ ಒದ್ದಾಡುತ್ತಿರುವಾಗ ಈ ಹುಡುಗಿ ಪ್ರಾಣ ಪಣಕ್ಕಿಟ್ಟು ಅಗುಳು ಉಳಿಸಿದಳೆಂದು ಭಾಷಣವನ್ನೇ ಮಾಡಿದಳು. ಸೋಮವಾರ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು ಬಂತು. ಇನ್ನು ಮೇಲೆ ಎಲ್ಲರ ತಟ್ಟೆಯೂ ಮಿಸ್ ನೀಲಮ್ಮನ ತಟ್ಟೆಯಂತಿರಬೇಕೆಂದು ಆಜ್ಞೆಯಾಯಿತು. ತಂಜಾವೂರಿನವಳು ಆ ವರ್ಷವೆಲ್ಲ ನನ್ನೊಡನೆ ಮಾತು ಬಿಟ್ಟಳು. ಕೋರ್ಸು ಮುಗಿದಾಗ ಮಿಸ್ಸಮ್ಮ ಬರೆದುಕೊಟ್ಟ ಟೆಸ್ಟಿಮೋನಿಯಲ್‌ನಲ್ಲಿ, ಹಾಸ್ಟೆಲಿನಲ್ಲಿ ಮಿತವ್ಯಯದ ಅಪೂರ್ವ ಅಭ್ಯಾಸವೊಂದನ್ನು ಬೆಳೆಸಿದ ಕೀರ್ತಿ ನನ್ನದೆಂದು ಎರಡು ಸಾಲಿತ್ತು. ಅಳುಕುತ್ತ ಗಂಗಿಗೆ ತೋರಿಸಿದೆ. ಅವಳು ಒಂದೊಂದೇ ಅಕ್ಷರ ಓದಿ, 'ಚಲೋ ಬರದಾಳ ಬಿಡು, ಇಟ್ಕೋ' ಎಂದಳು.

ಇಟ್ಟುಕೊಂಡೆ. ಆ ಕಾಗದ ತೋರಿಸಿಯೇ ನನಗೆ ಮೊದಲ ನೌಕರಿ ಸಿಕ್ಕಿತು. ಇಂಟರ್ವ್ಯೂ ಮಾಡಿದ ದೊಡ್ಡ ಮನುಷ್ಯರು ಆ ಎರಡು ಸಾಲಿನ ಮೇಲೆ ಬೆರಳಿಟ್ಟು, 'ಇಂಥ ಐಡಿಯಾ ನಿಮಗೆ ಹೇಗಮ್ಮ ಹೊಳೆಯಿತು?' ಎಂದು ಕೇಳಿದರು. ಕಾನ್ವೆಂಟಿನಲ್ಲಿ ಸುಳ್ಳು ಹೇಳಬಾರದೆಂದು ಕಲಿಸಿದ್ದಾರಲ್ಲ, ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದೆ, 'ಚಿಕ್ಕಂದಿನಿಂದಲೂ ರೂಢಿ ಸರ್.'